ವಿರ್ಟ್‌ಶಾಫ್ಟ್ ಇಂಜಿನಿಯರಮ್ಮ

ಹಿಂಟರ್‌ಸ್ಟೆಟನ್
18 ಅಕ್ಟೋಬರ್ 1981

ರೋಸ್ವಿತಾ ಪುಟ್ಟಿ,

ನಿನ್ನೆ ಸಂಜೆ ನಿನ್ನಪ್ಪ ಮೈತುಂಬ ಮರದ ಹೊಟ್ಟು ಮೆತ್ತಿಕೊಂಡೇ ಬಂದು ನನ್ನ ಕೌಂಟರಿಗೆ ಒರಗಿದ. ತಮ್ಮ ಎಂದು ಸುಮ್ಮನಿದ್ದೆ, ಬೇರೆಯವನಾಗಿದ್ದರೆ ಕೈಗೆ ಪೊರಕೆ ಕೊಡುತ್ತಿದ್ದೆ. "ಅಕ್ಕಾ, ಹುಡುಗಿ ಕಾರ್ಲ್ಸ್‌ರೂಹೆ ಯೂನಿವರ್ಸಿಟಿ ಸೇರಿದ್ಲು. ಅದೇನೋ ವಿರ್ಟ್‌ಶಾಫ್ಟ್ ಇಂಜಿನಿಯರಿಂಗ್ ಅಂತೆ" ಎಂದ.

ನಾನು ಒರೆಸುತ್ತಿದ್ದ ಗ್ಲಾಸನ್ನು ಕೆಳಗಿಟ್ಟು ಕೂತುಬಿಟ್ಟೆ. ವಿರ್ಟ್‌ಶಾಫ್ಟ್! ಈ ಊರಿಗೆ ಇರುವುದು ಒಂದೇ ವಿರ್ಟ್‌ಶಾಫ್ಟ್, ಬಾಗಿಲ ಮೇಲೆ ಎತ್ತಿನ ಬೋರ್ಡು ನೇತಾಡುವ ನಮ್ಮದು. ಊಟ, ಬಿಯರ್, ಇಸ್ಪೀಟು, ಮದುವೆ, ಸತ್ತವರ ಹೆಸರಿನ ಊಟ, ಎಲ್ಲ ಇಲ್ಲೇ. ನನ್ನಜ್ಜನ ಕಾಲದಿಂದ ಇದನ್ನು ಕೈಯಂದಾಜು ಕಣ್ಣಂದಾಜಿನ ಮೇಲೆ ನಡೆಸಿಕೊಂಡು ಬಂದವರು ನಾವು. ಇದಕ್ಕೂ ಒಂದು ಇಂಜಿನಿಯರಿಂಗ್ ಓದು ಇದೆ ಎಂದು ಗೊತ್ತೇ ಇರಲಿಲ್ಲ. ಕೊನೆಗೂ ಸರ್ಕಾರಕ್ಕೆ ಬುದ್ಧಿ ಬಂತು. ತಾಯಿಯಿಲ್ಲದ ನೀನು ನನ್ನ ಸೆರಗಲ್ಲದಿದ್ದರೂ ಏಪ್ರನ್ನು ಹಿಡಿದುಕೊಂಡು ಈ ಅಡುಗೆಮನೆಯಲ್ಲೇ ನಡೆಯಲು ಕಲಿತವಳು. ಬಾಯಿ ಬಿಟ್ಟು ಒಂದು ಮಾತೂ ಹೇಳದೆ ಅದೇ ಓದನ್ನು ಆರಿಸಿಕೊಂಡೆಯಲ್ಲ, ಕಳ್ಳಿ!

ಒಲೆಯ ಪಕ್ಕದ ದುಂಡು ಮೇಜಿನಿಂದ ಕಮ್ಮಾರ ಎಂಗೆಲ್‌ಬರ್ಟ್ ಕೂಗಿದ: "ಏನಮ್ಮಾ ವಾಲ್‌ಬುರ್ಗಾ, ಬಿಯರ್ ಬಗ್ಸೋದಕ್ಕೂ ಇಂಜಿನಿಯರ್ ಬೇಕಾ?"

"ನೀನು ಕುಡಿಯೋ ಸ್ಪೀಡಿಗೆ ಬೇಡ ಕಣಪ್ಪ. ಮನುಷ್ಯರು ಕುಡಿಯೋ ಸ್ಪೀಡಿಗೆ ಬೇಕು" ಎಂದೆ.

ಇನ್ನು ಮುಖ್ಯ ವಿಷಯ. ಈ ಕಟ್ಟಡ ಬ್ರೂವರಿಯವರದ್ದು, ನಿನಗೆ ಗೊತ್ತಿದೆ. ಅವರು ಕಾಗದ ಬರೆದಿದ್ದಾರೆ: 'ನಿಮಗೆ ವಯಸ್ಸಾಯಿತು, ನಿಮ್ಮ ನಂತರ ಯಾರು? ಮುಂದಿನ ಮೇ ಕೊನೆಯ ಪೆಂತೆಕೋಸ್ತ್ ಹಬ್ಬದೊಳಗೆ ಒಂದು ಹೆಸರು ಕೊಡಿ. ಇಲ್ಲವಾದರೆ ಬಾಗಿಲು ಮುಚ್ಚಿ ಕಟ್ಟಡ ಮಾರುತ್ತೇವೆ.' ನನ್ನ ಮಂಡಿಗಳು ಎರಡೂ ಮುಷ್ಕರ ಹೂಡಿವೆ, ನಿಜ. ಆದರೆ ಈಗ ನನಗೇನು ಚಿಂತೆ? ನಿನ್ನೆಯೇ ಅವರ ಕಾಗದದಲ್ಲಿ ನಿನ್ನ ಹೆಸರು ಬರೆದೆ. ಇನ್ನು ಸಹಿ ಹಾಕಿ ಕಳಿಸುವುದೊಂದೇ ಬಾಕಿ.

ಫೋನ್ ಮಾಡಬೇಡ. ಫೋನು ಕೌಂಟರಿನ ಮೇಲಿದೆ, ನೀನು ನನಗೆ ಹೇಳಿದ್ದು ದುಂಡು ಮೇಜಿಗೆ ಮೊದಲು ತಿಳಿಯುತ್ತದೆ. ಪೋಸ್ಟ್‌ಕಾರ್ಡೂ ಬೇಡ. ಪೋಸ್ಟ್‌ಮ್ಯಾನ್ ಗೆಬ್‌ಹಾರ್ಡ್ ಅದನ್ನು ದಾರಿಯಲ್ಲೇ ಬಾಯಿಪಾಠ ಮಾಡಿ, ಮನೆಮನೆಗೂ ಒಪ್ಪಿಸಿ, ಕೊನೆಗೆ ನನಗೆ ತಂದುಕೊಡುತ್ತಾನೆ. ಲಕೋಟೆ ಚೆನ್ನಾಗಿ ಅಂಟಿಸಿ ಬರೆ.

ಮೊದಲ ಪಾಠಕ್ಕೆ ಒಂದು ಪ್ರಶ್ನೆ: ನಮ್ಮ ನಲ್ಲಿಯಲ್ಲಿ ಬಿಯರಿಗಿಂತ ನೊರೆಯೇ ಜಾಸ್ತಿ ಬರುತ್ತದೆ. ನಿನ್ನ ಪ್ರೊಫೆಸರರನ್ನು ಕೇಳು.

ನಿನ್ನ ಅತ್ತೆ
ವಾಲ್‌ಬುರ್ಗಾ

ಕಾರ್ಲ್ಸ್‌ರೂಹೆ
1 ನವೆಂಬರ್ 1981

ಪ್ರೀತಿಯ ಅತ್ತೆ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಯಾಕೋ ನಗು ನಿಂತಿತು.

ಆ ಪದದ ಬಗ್ಗೆ ಒಂದು ಸಣ್ಣ ಮಾತು ಹೇಳಬೇಕು. ಇಲ್ಲಿಯವರು ವಿರ್ಟ್‌ಶಾಫ್ಟ್ ಎನ್ನುವುದನ್ನು ಸ್ವಲ್ಪ ದೊಡ್ಡ ಅರ್ಥದಲ್ಲಿ ಹೇಳುತ್ತಾರೆ. ಕಾರ್ಖಾನೆ, ವ್ಯಾಪಾರ, ಬ್ಯಾಂಕು, ಇಡೀ ದೇಶದ ವಹಿವಾಟು, ಎಲ್ಲ ಅದರಲ್ಲೇ ಬರುತ್ತದೆ. ನಮ್ಮ ಎತ್ತಿನ ಬೋರ್ಡಿನ ಮನೆಯೂ ಬರುತ್ತದೆ ಅನ್ನು, ಎಲ್ಲೋ ಒಂದು ಮೂಲೆಯಲ್ಲಿ. ಇದನ್ನೆಲ್ಲ ಕಾಗದದಲ್ಲಿ ಬರೆಯುವುದು ಕಷ್ಟ. ಕ್ರಿಸ್‌ಮಸ್‌ಗೆ ಬಂದಾಗ ಎದುರು ಕೂತು ಹೇಳುತ್ತೇನೆ. ಆ ಬ್ರೂವರಿ ಕಾಗದಕ್ಕೆ ಈಗಲೇ ಸಹಿ ಹಾಕಬೇಡ, ದಯವಿಟ್ಟು.

ಇಲ್ಲಿ ಬೆಳಗ್ಗೆ ಯಂತ್ರಶಾಸ್ತ್ರ, ಮಧ್ಯಾಹ್ನ ವ್ಯಾಪಾರಶಾಸ್ತ್ರ. ಬೆಳಗ್ಗೆ ಪಕ್ಕದಲ್ಲಿ ಕೂರುವ ಅಪ್ಪಟ ಇಂಜಿನಿಯರ್ ಹುಡುಗರು ನಮ್ಮನ್ನು ನೋಡಿ, "ಅಂಗಡಿಯವರು ಬಂದ್ರಪ್ಪ, ಸ್ಕ್ರೂಗೆ ರೇಟ್ ಹೇಳ್ತಾರೆ, ತಿರುಗ್ಸೋಕೆ ಬರಲ್ಲ" ಎನ್ನುತ್ತಾರೆ. ಮಧ್ಯಾಹ್ನ ಟೈ ಕಟ್ಟಿದ ವ್ಯಾಪಾರದ ಹುಡುಗರು, "ಗ್ರೀಸ್ ಕೈ ತೊಳ್ಕೊಂಡ್ ಬಾರಮ್ಮ" ಎನ್ನುತ್ತಾರೆ. ಹಕ್ಕಿಗಳ ಸಭೆಗೂ ಸಲ್ಲದ, ಪ್ರಾಣಿಗಳ ಸಭೆಗೂ ಸಲ್ಲದ ಬಾವಲಿಯ ಗತಿ ನನ್ನದು. ಸಾಲದ್ದಕ್ಕೆ ಮನೆಯೊಡತಿ, ನಮ್ಮ ಸೀಮೆಯವರನ್ನು ಕಂಡರಾಗದ ಬಾಡನ್ ಸೀಮೆಯ ಹೆಂಗಸು. ನಾನು ಶ್ವಾಬಿಯದವಳು ಎಂದು ತಿಳಿದದ್ದೇ ತಡ, ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದಳು.

ಆದರೂ ನನಗೆ ಇಲ್ಲಿ ಇಷ್ಟವಾಗಿದೆ ಅತ್ತೆ. ಒಂದು ಯಂತ್ರ ಹೇಗೆ ತಿರುಗುತ್ತದೆ ಎನ್ನುವುದನ್ನೂ, ಅದನ್ನು ಯಾಕೆ ತಿರುಗಿಸಬೇಕು ಎನ್ನುವುದನ್ನೂ ಒಂದೇ ದಿನ ಕಲಿಯುವುದರಲ್ಲಿ ಏನೋ ಖುಷಿಯಿದೆ.

ನೊರೆಯ ವಿಷಯ ಕೇಳಿದೆ. ಪೈಪು ಉದ್ದವಾಗಿ, ಬೆಚ್ಚಗಿನ ಅಡುಗೆಮನೆ ಗೋಡೆಯ ಪಕ್ಕ ಹಾಯ್ದರೆ ಬಿಯರ್ ದಾರಿಯಲ್ಲೇ ಬಿಸಿಯಾಗಿ ನೊರೆಯಾಗುತ್ತದಂತೆ. ಪೀಪಾಯಿಗೂ ನಲ್ಲಿಗೂ ನಡುವೆ ದೂರ ಕಡಿಮೆ ಮಾಡಿದರೆ ಸರಿಹೋಗುತ್ತದೆ.

ನಿನ್ನ
ರೋಸ್ವಿತಾ

ಹಿಂಟರ್‌ಸ್ಟೆಟನ್
29 ನವೆಂಬರ್ 1981

ಪುಟ್ಟಿ,

ಜಾಣೆ! ನೊರೆ ಹೋಯಿತು. ಪೀಪಾಯಿ ನೆಲಮಾಳಿಗೆಯಲ್ಲಿದೆ, ಅದನ್ನು ಮೇಲೆ ತರಲು ಎಂಗೆಲ್‌ಬರ್ಟ್‌ನ ಸೊಂಟ ಒಪ್ಪಲಿಲ್ಲ. ಆದ್ದರಿಂದ ನಲ್ಲಿಯನ್ನೇ ಪೀಪಾಯಿಯ ಹತ್ತಿರಕ್ಕೆ ಒಯ್ದೆವು. ಈಗ ನಲ್ಲಿ ನೆಲಮಾಳಿಗೆಗೆ ನೇರ ಮೇಲಿರುವ ಹಿಂದಿನ ಓಣಿಯಲ್ಲಿ, ಗಂಡಸರ ಕಕ್ಕಸಿನ ಬಾಗಿಲ ಪಕ್ಕ ಇದೆ. ಬಿಯರ್ ತಣ್ಣಗೆ, ಬಂಗಾರದ ಹಾಗೆ ಬರುತ್ತದೆ. ಒಳಗೆ ಹೋದವನು ಹೊರಗೆ ಬರುವಾಗಲೇ ಮುಂದಿನ ಗ್ಲಾಸು ಹಿಡಿದುಕೊಂಡು ಬರುತ್ತಾನೆ. ಇದನ್ನು ನಿನ್ನ ಪ್ರೊಫೆಸರರಿಗೆ ಹೇಳು, ಅವರ ತಲೆಗೂ ಹೊಳೆದಿರಲಿಕ್ಕಿಲ್ಲ.

ಕಾರ್ಖಾನೆ, ಬ್ಯಾಂಕು ಎಂದು ನೀನು ಬರೆದದ್ದು ಓದಿದೆ. ಸರಿಯೇ ಇದೆ. ಕಾರ್ಖಾನೆಗೂ ಕ್ಯಾಂಟೀನು ಬೇಕಲ್ಲ! ಕಲಿಯುವಾಗ ಎಲ್ಲವನ್ನೂ ಕಲಿ. ದೊಡ್ಡ ದೊಡ್ಡ ಹಂಡೆಯಲ್ಲಿ ಬೇಯಿಸಲು ಬಂದವಳಿಗೆ ನಮ್ಮ ಪಾತ್ರೆ ಯಾವ ಲೆಕ್ಕ. ಪಾದ್ರಿಗಳು ಭಾನುವಾರ ಪೂಜೆ ಮುಗಿದ ಮೇಲೆ ನಿನ್ನ ಹೆಸರೆತ್ತಿ, "ನಮ್ಮೂರಿನ ಹೆಣ್ಣುಮಗಳೊಬ್ಬಳು ವಿರ್ಟ್‌ಶಾಫ್ಟ್ ಇಂಜಿನಿಯರ್ ಆಗ್ತಿದ್ದಾಳೆ, ದೇವರು ನಮ್ಮ ಬಾಯಾರಿಕೆ ಮರೆತಿಲ್ಲ" ಎಂದರು. ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯುವಂತಾಯಿತು.

ಸಕ್ಕರೆಗೆ ಬೀಗ ಹಾಕಿದವಳ ಮನೆಯಲ್ಲಿ ಸೂಪು ಕುಡಿಯಬೇಡ. ಬಾಡನ್‌ನವರು ಸೂಪಿಗೆ ನೀರು ಹಾಕುವುದಿಲ್ಲ, ನೀರಿಗೆ ಸೂಪು ಹಾಕುತ್ತಾರೆ.

ಸಹಿ ಕ್ರಿಸ್‌ಮಸ್ ಮುಗಿದ ಮೇಲೆ ಹಾಕುತ್ತೇನೆ, ನೀನು ಹೇಳಿದ ಹಾಗೆ.

ಅತ್ತೆ

ಕಾರ್ಲ್ಸ್‌ರೂಹೆ
10 ಜನವರಿ 1982

ಪ್ರೀತಿಯ ಅತ್ತೆ,

ಕ್ರಿಸ್‌ಮಸ್ ಎಷ್ಟು ಚೆನ್ನಾಗಿತ್ತು! ನಿನ್ನ ಕೈಯ ಬೇಳೆ ಮತ್ತು ಸ್ಪೆಟ್ಸ್‌ಲೆ ಶಾವಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಇಲ್ಲಿಯ ಕ್ಯಾಂಟೀನಿನಲ್ಲಿ ಅದನ್ನು ಯಂತ್ರದಲ್ಲಿ ಒತ್ತುತ್ತಾರೆ, ಎಲ್ಲ ಒಂದೇ ಉದ್ದ, ಒಂದೇ ದಪ್ಪ, ರುಚಿ ಮಾತ್ರ ರಬ್ಬರಿನದು.

ಎದುರು ಕೂತು ಹೇಳುತ್ತೇನೆ ಎಂದಿದ್ದೆನಲ್ಲ, ಅದು ಆಗಲಿಲ್ಲ. ಹೇಳೋಣ ಎಂದು ಎದ್ದು ನಿಂತು ಬಾಯಿ ತೆರೆದೆ, ಅಷ್ಟರಲ್ಲಿ ದುಂಡು ಮೇಜಿನವರೆಲ್ಲ ಗ್ಲಾಸು ಎತ್ತಿ "ನಮ್ಮ ಇಂಜಿನಿಯರಮ್ಮಂಗೆ!" ಎಂದು ಕೂಗಿಬಿಟ್ಟರು. ಇರಲಿ, ಅಂಥ ದೊಡ್ಡ ವಿಷಯವೇನಲ್ಲ.

ಈಗ ನಿನ್ನಿಂದ ಒಂದು ಸಹಾಯ ಬೇಕು. ಉದ್ಯಮ ಪಾಠದಲ್ಲಿ ಪ್ರತಿಯೊಬ್ಬರೂ ಒಂದು ಉದ್ಯಮವನ್ನು ಅಧ್ಯಯನ ಮಾಡಿ ಪ್ರಬಂಧ ಬರೆಯಬೇಕು. ಬೇರೆಯವರು ಕಾರು ಕಾರ್ಖಾನೆ, ಕಾಗದದ ಗಿರಣಿ ಎಂದು ಆರಿಸಿಕೊಂಡಿದ್ದಾರೆ. ನಾನು ನಮ್ಮ ಮನೆಯನ್ನು ಆರಿಸಿಕೊಂಡೆ. ಯಾವ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಏನು ತಿಂದು ಕುಡಿಯುತ್ತಾರೆ, ಇದನ್ನು ಕೆಲವು ದಿನ ನೋಡಿ ಬರೆದು ಕಳಿಸುತ್ತೀಯಾ? ಅವರಿಗೆ ಗೊತ್ತಾಗಬಾರದು.

ಬ್ರೂವರಿ ಕಾಗದ ಏನಾಯಿತು?

ರೋಸ್ವಿತಾ

ಹಿಂಟರ್‌ಸ್ಟೆಟನ್
24 ಜನವರಿ 1982

ಪುಟ್ಟಿ,

ನೀನು ಹೇಳಿದ ಹಾಗೆ ಕೌಂಟರ್ ಹಿಂದೆ ನಿಂತು ಪತ್ತೇದಾರಿ ಮಾಡಿದೆ. ಕಿಟಕಿ ಪಕ್ಕದ ಮೇಜುಗಳು ಚೆನ್ನಾಗಿವೆ. ಲಾರಿಯವರು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ದುಂಡು ಮೇಜಿನ ಕಥೆ ಬೇರೆ.

ಎಂಗೆಲ್‌ಬರ್ಟ್ ಚರ್ಚಿನ ಸಂಜೆ ಗಂಟೆಗೆ ಬಂದರೆ ಒಲೆ ಆರುವವರೆಗೆ ಏಳುವುದಿಲ್ಲ. ಅವನ ಗ್ಲಾಸಿನಲ್ಲಿ ಬಿಯರ್ ಕುಡಿದು ಮುಗಿಯುವುದಿಲ್ಲ, ಆವಿಯಾಗಿ ಮುಗಿಯುತ್ತದೆ. ಗೆಬ್‌ಹಾರ್ಡ್ ಒಂದು ಕುರ್ಚಿಯಲ್ಲಿ ತಾನು ಕೂತು, ಇನ್ನೊಂದರಲ್ಲಿ ಟಪಾಲು ಚೀಲ ಕೂರಿಸುತ್ತಾನೆ. ಚೀಲ ಏನನ್ನೂ ಕುಡಿಯುವುದಿಲ್ಲ. ಒಲೆಗೆ ಹತ್ತಿರದ ಕುರ್ಚಿ ಗಿರಣಿಯ ಕ್ಸಾವರನದ್ದು. ಅವನು ಸತ್ತು ಎಷ್ಟು ವರ್ಷವಾಯಿತು! ಇನ್ನೂ ಯಾರೂ ಕೂರುವುದಿಲ್ಲ. ಆದರೆ ಮಾತು ಮುಗಿಸುವಾಗ ಎಲ್ಲರೂ ಆ ಕಡೆ ನೋಡಿ "ಅಲ್ವೇನೋ ಕ್ಸಾವರ್?" ಎನ್ನುತ್ತಾರೆ. ಅವನ ಖಾತೆಗೆ ಏನಂತ ಬರೆಯಲಿ? ಸೊನ್ನೆ ಎಂದು ಬರೆದೆ, ಮನಸ್ಸಿಗೆ ಸರಿಬರಲಿಲ್ಲ.

ಬ್ರೂವರಿ ಕಾಗದವನ್ನು ನಾನು ನೋಡಿಕೊಂಡಿದ್ದೇನೆ. ನೀನು ಓದಿನ ಕಡೆ ಗಮನ ಕೊಡು.

ಅತ್ತೆ

ಕಾರ್ಲ್ಸ್‌ರೂಹೆ
7 ಫೆಬ್ರವರಿ 1982

ಪ್ರೀತಿಯ ಅತ್ತೆ,

ಪ್ರಬಂಧಕ್ಕೆ ಇಡೀ ತರಗತಿಯಲ್ಲೇ ಹೆಚ್ಚು ಅಂಕ ನನಗೆ! ಪ್ರೊಫೆಸರರು ಎಲ್ಲರೆದುರು, "ಕಾರು ಕಾರ್ಖಾನೆ ಬರೆದವರೇ, ಈ ಹೋಟೆಲಿನಿಂದ ಸ್ವಲ್ಪ ಕಲೀರಿ" ಎಂದರು. ಟೈ ಹುಡುಗರ ಮುಖ ನೀನು ನೋಡಬೇಕಿತ್ತು.

ನನ್ನ ಸಲಹೆಯ ಪ್ರತಿ ಇದರ ಜೊತೆಗಿದೆ. ಸಾರಾಂಶ ಇಷ್ಟು: ಒಲೆಯ ಪಕ್ಕದ ಜಾಗ ಮನೆಯಲ್ಲೇ ಅತ್ಯಂತ ಬೆಲೆಬಾಳುವ ಜಾಗ, ಆದರೆ ಅತ್ಯಂತ ಕಡಿಮೆ ಆದಾಯ ಅಲ್ಲಿಂದಲೇ. ದುಂಡು ಮೇಜು ತೆಗೆದು ಅಲ್ಲಿ ಇಬ್ಬಿಬ್ಬರು ಕೂರುವ ಚಿಕ್ಕ ಮೇಜುಗಳನ್ನು ಹಾಕಬೇಕು. ಬಳಕೆಯಲ್ಲಿಲ್ಲದ ಕುರ್ಚಿಗಳನ್ನು ಮೊದಲು ತೆಗೆಯಬೇಕು. ಇದು ಬರೀ ಪ್ರಬಂಧಕ್ಕಾಗಿ ಬರೆದದ್ದು, ಆದರೂ ನೀನು ನೋಡು.

ಯಂತ್ರಶಾಸ್ತ್ರವೂ ಚೆನ್ನಾಗಿ ನಡೆಯುತ್ತಿದೆ. ತಿಂಗಳ ಕೊನೆಗೆ ಪರೀಕ್ಷೆ. ಚಿಂತೆ ಮಾಡಬೇಡ.

ರೋಸ್ವಿತಾ

ಹಿಂಟರ್‌ಸ್ಟೆಟನ್
3 ಮಾರ್ಚ್ 1982

ರೋಸ್ವಿತಾ,

ನೀನು ಬರೆದಂತೆಯೇ ಮಾಡಿದೆ. ದುಂಡು ಮೇಜನ್ನು ನಿನ್ನಪ್ಪನೂ ನಾನೂ ಉರುಳಿಸಿಕೊಂಡು ಹೋಗಿ ಕೊಟ್ಟಿಗೆಗೆ ಹಾಕಿದೆವು. ಚಿಕ್ಕ ಮೇಜುಗಳು ಬಂದವು, ಮೇಲೆ ಹೂದಾನಿ ಬಂತು.

ಸಂಜೆ ಎಂಗೆಲ್‌ಬರ್ಟ್ ಬಂದ. ಬಾಗಿಲಲ್ಲೇ ನಿಂತ. ಹೂದಾನಿ ನೋಡಿದ, ಒಲೆ ನೋಡಿದ. "ಕ್ಸಾವರ್ ಎಲ್ಲಿ?" ಎಂದು ಕೇಳಿದ. ಕುರ್ಚಿ ಎಲ್ಲಿ ಎಂದು ಕೇಳಲಿಲ್ಲ, ಕ್ಸಾವರ್ ಎಲ್ಲಿ ಎಂದ. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಅವನ ಹಿಂದೆ ಮೇಜಿನವರೆಲ್ಲ ಹೋದರು. ಈಗ ಗುಡ್ಡದ ಆಚೆಯ ಊರಿನ 'ಜಿಂಕೆ' ಹೋಟೆಲಿನಲ್ಲಿ ಕೂರುತ್ತಾರಂತೆ. ಅವರ ಹಿಂದೆಯೇ ಹಾಡಿನ ಮಂಡಳಿ ಹೋಯಿತು, ಪಂಚಾಯಿತಿಯ ಸಭೆ ಹೋಯಿತು. ಕಳೆದ ವಾರ ಮುದುಕಿ ಅಫ್ರಾ ತೀರಿಕೊಂಡಳು, ಆ ಊಟವೂ ಅಲ್ಲೇ ಆಯಿತು. ನಮ್ಮೂರಿನ ಹೆಣ, ಬೇರೆ ಊರಿನ ಸಾರು!

ಇನ್ನು ವೇಷದ ಹಬ್ಬದ ಮೆರವಣಿಗೆ ಕೇಳಬೇಡ. ಎಂಗೆಲ್‌ಬರ್ಟ್ ಲಂಗ ತೊಟ್ಟು, ಮೂಗಿನ ಮೇಲೆ ಕನ್ನಡಕ ಇಟ್ಟು, ಅಳತೆಪಟ್ಟಿ ಹಿಡಿದು ಗಾಡಿ ಮೇಲೆ ನಿಂತಿದ್ದ. "ನಾನು ಇಂಜಿನಿಯರಮ್ಮ! ಕುಂಡೆ ಅಳೀತೀನಿ, ಕುರ್ಚಿ ಕೊಡ್ತೀನಿ!" ಎಂದು ಊರೆಲ್ಲ ಅಳೆದ. ಜನ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಒಳಗೆ ಬಂದು ಖಾಲಿ ಮೇಜುಗಳನ್ನು ನೋಡಿದ ಮೇಲೆ ಹೋಯಿತು.

ಲಾರಿಯವರೂ ಕಡಿಮೆಯಾಗಿದ್ದಾರೆ. "ಇಲ್ಲಿ ಯಾರೂ ಇಲ್ವಲ್ಲ, ಊಟ ಚೆನ್ನಾಗಿಲ್ವೇನೋ" ಎಂದುಕೊಂಡು ಹಾಗೇ ಹೋಗುತ್ತಾರೆ.

ಇನ್ನು ಮುಂದೇನು ಮಾಡಬೇಕು, ಅದನ್ನೂ ಬರೆ. ನೀನು ಓದಿದವಳು.

ಅತ್ತೆ

ಕಾರ್ಲ್ಸ್‌ರೂಹೆ
10 ಮಾರ್ಚ್ 1982

ಮಾನ್ಯ ಅತ್ತೆಯವರಿಗೆ,

ಇದನ್ನು ಬರೆಯಲು ಕೂತು ಹರಿದು ಹಾಕಿದ ಹಾಳೆಗಳಿಂದ ಮನೆಯೊಡತಿ ಒಲೆ ಹೊತ್ತಿಸಿಕೊಂಡಿದ್ದಾಳೆ. ಸುತ್ತಿ ಬಳಸದೆ ಹೇಳುತ್ತೇನೆ.

ನಾನು ಹೋಟೆಲು ನಡೆಸುವುದನ್ನು ಓದುತ್ತಿಲ್ಲ. ನನ್ನ ಓದಿನ ಹೆಸರಿನಲ್ಲಿರುವ ವಿರ್ಟ್‌ಶಾಫ್ಟ್ ಎಂದರೆ ವ್ಯಾಪಾರ, ಉದ್ಯಮ, ಹಣಕಾಸು. ನಮ್ಮ ಮನೆ ಅಲ್ಲ. ಅರ್ಧ ಇಂಜಿನಿಯರಿಂಗ್, ಅರ್ಧ ವ್ಯಾಪಾರ, ಇಷ್ಟೇ ನನ್ನ ಓದು. ಇಲ್ಲಿ ಬಿಯರ್ ಬಗ್ಗಿಸಲು ಯಾರೂ ಕಲಿಸುವುದಿಲ್ಲ. ಓದು ಮುಗಿದ ಮೇಲೆ ಯಾವುದಾದರೂ ಕಾರ್ಖಾನೆ ಸೇರಬೇಕು ಎಂದು ಆಸೆ. ನೀವು ಮೊದಲ ಕಾಗದ ಬರೆದ ದಿನವೇ ಇದನ್ನು ಹೇಳಬೇಕಿತ್ತು. ನಿಮಗಾದ ಸಂತೋಷ ನೋಡಿ ಧೈರ್ಯ ಸಾಲಲಿಲ್ಲ. ಪೆಂತೆಕೋಸ್ತ್ ಹತ್ತಿರ ಬರುತ್ತಿದೆ. ಬ್ರೂವರಿಯವರಿಗೆ ದಯವಿಟ್ಟು ನನ್ನ ಹೆಸರು ಕೊಡಬೇಡಿ. ನಾನು ಬರುವುದಿಲ್ಲ.

ಇನ್ನೊಂದು. ಯಂತ್ರಶಾಸ್ತ್ರದ ಪರೀಕ್ಷೆಯಲ್ಲಿ ಫೇಲಾದೆ. ಮೇ ತಿಂಗಳಲ್ಲಿ ಮತ್ತೊಮ್ಮೆ ಬಾಯಿಪರೀಕ್ಷೆಯಿದೆ. ಅದೂ ಹೋದರೆ ಈ ಓದೇ ಹೋಯಿತು. ನಿಮ್ಮ ಮನೆಯನ್ನು ಖಾಲಿ ಮಾಡಿಸಿದ ಪ್ರಬಂಧಕ್ಕೆ ಮಾತ್ರ ಇನ್ನೂ ಎಲ್ಲರಿಗಿಂತ ಹೆಚ್ಚು ಅಂಕ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಿಮ್ಮ
ರೋಸ್ವಿತಾ

ಕಾರ್ಲ್ಸ್‌ರೂಹೆ
18 ಏಪ್ರಿಲ್ 1982

ಮಾನ್ಯ ಅತ್ತೆಯವರಿಗೆ,

ಈಸ್ಟರ್‌ಗೆ ಬರುವ ಧೈರ್ಯವಾಗಲಿಲ್ಲ. ಇಲ್ಲೇ ಕೂತು ಓದಿದೆ. ನನ್ನ ಕಾಗದ ತಲುಪಿತೇ? ಬೈದಾದರೂ ಎರಡು ಸಾಲು ಬರೆಯಿರಿ.

ರೋಸ್ವಿತಾ

ಹಿಂಟರ್‌ಸ್ಟೆಟನ್
9 ಮೇ 1982

ಏ ಹುಡುಗಿ,

ಏನಿದು 'ಮಾನ್ಯ ಅತ್ತೆಯವರಿಗೆ', 'ನೀವು', 'ನಿಮ್ಮ'? ಕಾಗದ ತೆರೆದವಳು ತೆರಿಗೆ ಕಚೇರಿಯದ್ದೇನೋ ಎಂದು ಹೆದರಿ ಕನ್ನಡಕ ಬದಲಿಸಿದೆ. ನಿನಗೆ ಹಾಲು ಕುಡಿಸಿದವಳು ನಾನು. ಇನ್ನೊಂದು ಸಲ 'ನೀವು' ಎಂದರೆ ಕಾರ್ಲ್ಸ್‌ರೂಹೆಗೇ ಬಂದು ಕಿವಿ ಹಿಂಡುತ್ತೇನೆ, ಮಂಡಿ ಹೋದರೂ ಸರಿ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಬರೆಯಲು ಬೇಕಾದ ಮಾತು ಸಿಗಲಿಲ್ಲ. ಈಗ ಸಿಕ್ಕಿದೆ, ಕೂತು ಓದು.

ಆ ಪದ ನನಗೆ ಮೊದಲು ತಿಳಿಯಲಿಲ್ಲ, ನಿಜ. ಕ್ರಿಸ್‌ಮಸ್‌ವರೆಗೂ ನೀನು ಹೋಟೆಲು ಓದುತ್ತಿದ್ದೀಯ ಎಂದೇ ಊರೆಲ್ಲ ಸಾರಿದೆ. ಆದರೆ ಆ ದಿನ ಅವರು ಗ್ಲಾಸೆತ್ತಿದಾಗ ನೀನು ಬಾಯಿ ತೆರೆದು ಮುಚ್ಚಿದ್ದನ್ನು ನೋಡಿದೆ. ಜೀವಮಾನವೆಲ್ಲ ಕೌಂಟರ್ ಹಿಂದೆ ನಿಂತವಳಿಗೆ, ಬೇಡವಾದ ಗ್ಲಾಸನ್ನು ಮರ್ಯಾದೆಗೆ ಹಿಡಿದುಕೊಂಡವರ ಮುಖ ಗೊತ್ತಾಗುವುದಿಲ್ಲವೇ? ಮಾರನೆಯ ದಿನ ಪಾದ್ರಿಗಳನ್ನು ಕೇಳಿದೆ. ಅವರು ಪೇಪರ್ ತೆರೆದು 'ವಿರ್ಟ್‌ಶಾಫ್ಟ್' ಎಂಬ ಪುಟ ತೋರಿಸಿದರು. ಪುಟದ ತುಂಬ ಬ್ಯಾಂಕು, ಉಕ್ಕು, ಡಾಲರು. ಒಂದು ಹೋಟೆಲೂ ಇಲ್ಲ. ನಾನು ದಿನಾ ಅದೇ ಪುಟದಲ್ಲಿ ಚೀಸು ಸುತ್ತುತ್ತೇನೆ, ಒಂದು ದಿನವೂ ಓದಿರಲಿಲ್ಲ.

ಮನೆಗೆ ಬಂದು ಬ್ರೂವರಿ ಕಾಗದದಲ್ಲಿ ನಿನ್ನ ಹೆಸರನ್ನು ಹೊಡೆದು ಹಾಕಿದೆ. ಆಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಕಣ್ಣೀರಿಟ್ಟೆ. ಈರುಳ್ಳಿ ಎಂದು ನಿನ್ನಪ್ಪನಿಗೆ ಹೇಳಿದೆ, ಅವನು ನಂಬಿದ. ಅವನು ಏನನ್ನಾದರೂ ನಂಬುತ್ತಾನೆ.

ಹಾಗಾದರೆ ನಿನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತೀಯ. ನೊರೆ, ಕುರ್ಚಿ, ಮೇಜು ಎಂದು ನಾನು ಕೇಳುತ್ತಿದ್ದುದರಿಂದ ನೀನು ಕಾಗದ ಬರೆಯುತ್ತಿದ್ದೆ. ಗೊತ್ತಾಯಿತು ಎಂದುಬಿಟ್ಟರೆ ಕಾಗದ ನಿಂತುಹೋದೀತು ಎಂದು ಹೆದರಿದೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಡ.

ಮೇಜನ್ನು ಎತ್ತಿಸಿದ್ದು ಮಾತ್ರ ನಿನ್ನ ಬುದ್ಧಿಯ ಮೇಲೆ ನಂಬಿಕೆಯಿಟ್ಟೇ. ನೊರೆ ಹೋಗಿತ್ತಲ್ಲ! ಅದರಲ್ಲಿ ನಿನ್ನ ತಪ್ಪು ಅರ್ಧ, ನನ್ನದು ಅರ್ಧ. ಅಂದ ಹಾಗೆ ಕೊಟ್ಟಿಗೆಯಲ್ಲಿ ಆ ಮೇಜಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿವೆ. ಕೊನೆಗೂ ಅದರಿಂದ ಆದಾಯ ಶುರುವಾಯಿತು, ನಿನ್ನ ಪ್ರೊಫೆಸರರಿಗೆ ಬರೆದು ತಿಳಿಸು.

ಈಗ ಕೇಳು. ಹೋದ ಮಂಗಳವಾರ ಎಂಗೆಲ್‌ಬರ್ಟ್ ಬಂದು ಬಾಗಿಲಲ್ಲಿ ನಿಂತ. ಮುಖ ಸಣ್ಣಗಾಗಿತ್ತು. 'ಜಿಂಕೆ'ಯಲ್ಲಿ ಏನು ಕಷ್ಟ ಎಂದು ಕೇಳಿದೆ.

"ಅಲ್ಲಿ ನಂಗೆ 'ಬನ್ನಿ ಸ್ವಾಮಿ, ಏನು ಕೊಡ್ಲಿ?' ಅಂತಾರೆ ಕಣಮ್ಮ" ಎಂದ.

"ಅದರಲ್ಲೇನು ತಪ್ಪು? ಮರ್ಯಾದೆ ಕೊಟ್ಟಿದ್ದಾರೆ."

"ಮರ್ಯಾದೆ ಯಾರಿಗೆ ಬೇಕು? ಗುರ್ತು ಇಲ್ದೋರ್ಗೆ ಮರ್ಯಾದೆ ಕೊಡೋದು. ನೀನು 'ಮತ್ತೆ ಬಂದ್ಯಾ?' ಅಂತಿದ್ದೆ. ಅದನ್ನ ಕೇಳ್ದೆ ನಂಗೆ ಬಿಯರ್ ಒಳಗೇ ಇಳಿಯಲ್ಲ."

ನಾನು "ಮತ್ತೆ ಬಂದ್ಯಾ?" ಎಂದೆ. ಅವನು ಮೂಗು ಒರೆಸಿಕೊಂಡು ಒಳಗೆ ಬಂದ. ನಾವಿಬ್ಬರೂ ಕೊಟ್ಟಿಗೆಗೆ ಹೋಗಿ ಕೋಳಿಗಳನ್ನು ಓಡಿಸಿ ಮೇಜು ತಂದೆವು. ಕ್ಸಾವರನ ಕುರ್ಚಿಯನ್ನು ಅವನು ಒಬ್ಬನೇ ಹೊತ್ತು ತಂದ, ಸೊಂಟ ನೋವಿದ್ದರೂ. ಸಂಜೆಯೊಳಗೆ ಎಲ್ಲರೂ ಹಾಜರು. ಆ ಮೇಜಿಗೆ ಆದಾಯವಿಲ್ಲ, ನಿನ್ನ ಲೆಕ್ಕ ಸರಿ. ಆದರೆ ಅದಿಲ್ಲದಿದ್ದರೆ ಉಳಿದ ಮೇಜುಗಳಿಗೂ ಯಾರೂ ಬರುವುದಿಲ್ಲ. ಇದನ್ನು ನಿನ್ನ ಓದಿನಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.

ಶುಕ್ರವಾರ ಬ್ರೂವರಿಯ ಶ್ಟೀಗ್ಲರ್ ಬಂದ. ಹೆಸರು ಹೊಡೆದು ಹಾಕಿದ ಕಾಗದ ನೋಡಿ, "ಹಾಗಾದ್ರೆ ನಿಮ್ ನಂತರ ಯಾರೂ ಇಲ್ಲ, ಬಾಗಿಲು ಹಾಕೋದೇ" ಎಂದು ಪೆನ್ನು ತೆಗೆದ. ಎಂಗೆಲ್‌ಬರ್ಟ್ ಎದ್ದು ನಿಂತು, "ಯಾರೂ ಇಲ್ಲ ಅಂದ್ರೆ? ನಾವಿಲ್ವಾ?" ಎಂದ. ಗೆಬ್‌ಹಾರ್ಡ್ ಚೀಲದ ಸಮೇತ ಎದ್ದ. ಊರವರೆಲ್ಲ ಪಾಲು ಹಾಕಿ, ಸಹಕಾರ ಸಂಘ ಮಾಡಿ, ಸರದಿಯ ಮೇಲೆ ನಡೆಸುತ್ತಾರಂತೆ. ಬೇಲಿಯೇ ಎದ್ದು ಹೊಲ ಮೇಯುತ್ತೇನೆ ಎಂದ ಹಾಗಾಯಿತು! ಶ್ಟೀಗ್ಲರ್ ನಕ್ಕ. "ಕುಡಿಯೋರೇ ನಡೆಸ್ತಾರಾ? ಸರಿ. ಪೆಂತೆಕೋಸ್ತ್ ಒಳಗೆ ಲಿಖಿತ ಯೋಜನೆ ಕೊಡಿ. ಯಾರು, ಯಾವಾಗ, ಹೇಗೆ, ಎಷ್ಟರಲ್ಲಿ, ಎಲ್ಲ ಇರ್ಬೇಕು. ಇಲ್ಲದಿದ್ರೆ ಬೀಗ" ಎಂದು ಹೋದ.

ಈಗ ಎಲ್ಲರೂ ಪೆನ್ಸಿಲು ಕಚ್ಚಿಕೊಂಡು ಕೂತಿದ್ದಾರೆ. ಪಾದ್ರಿಗಳಿಗೆ ಲೆಕ್ಕ ಬರುತ್ತದೆ, ಪೈಪು ಅರ್ಥವಾಗುವುದಿಲ್ಲ. ಎಂಗೆಲ್‌ಬರ್ಟ್‌ಗೆ ಪೈಪು ಅರ್ಥವಾಗುತ್ತದೆ, ಲೆಕ್ಕ ಬರುವುದಿಲ್ಲ. ಎರಡೂ ಬರುವವರು ಒಬ್ಬರು ಬೇಕಂತೆ. ಅಂಥ ಓದು ಓದಿದವರು ನಿನ್ನ ಕಡೆ ಯಾರಾದರೂ ಇದ್ದರೆ ತಿಳಿಸು. ಊರು ಬಿಟ್ಟು ಬಂದು ಇಲ್ಲಿ ಬಿಯರ್ ಬಗ್ಗಿಸಬೇಕಾಗಿಲ್ಲ. ಬರೆದುಕೊಟ್ಟು ಹೋದರೆ ಸಾಕು.

ಪರೀಕ್ಷೆಗೆ ಹೋಗುವ ಮೊದಲು ಹೊಟ್ಟೆ ತುಂಬ ತಿನ್ನು. ಫೇಲಾದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಪಾಸಾಗು.

ನಿನ್ನ ಅತ್ತೆ
ವಾಲ್‌ಬುರ್ಗಾ

ಕಾರ್ಲ್ಸ್‌ರೂಹೆ
19 ಮೇ 1982

ಗೆಬ್‌ಹಾರ್ಡ್ ಮಾಮ, ಇದು ಪೋಸ್ಟ್‌ಕಾರ್ಡು, ಬೇಕೆಂದೇ ಲಕೋಟೆ ಹಾಕಿಲ್ಲ. ನಿಧಾನವಾಗಿ ಓದಿ. ಕಮ್ಮಾರನ ಮನೆ, ಪಾದ್ರಿಗಳ ಮನೆ, ಅಪ್ಪನ ಮರಗೆಲಸದ ಅಂಗಡಿ, ಎಲ್ಲ ಕಡೆ ಒಪ್ಪಿಸಿ. ಆಮೇಲೆ ಅತ್ತೆಗೆ ಕೊಡಿ.

ಅತ್ತೆ, ಪಾಸಾದೆ! ಕೊನೆಯ ಪ್ರಶ್ನೆ ಬೇರಿಂಗ್ ಮೇಲೆ. "ಯಂತ್ರದಲ್ಲಿ ಬೇರಿಂಗ್ ಏನು ಕೆಲಸ ಮಾಡುತ್ತೆ?" ಎಂದು ಕೇಳಿದರು. ನನಗೆ ಎಂಗೆಲ್‌ಬರ್ಟ್ ಮಾಮ ಕಣ್ಣೆದುರು ಬಂದರು. "ತಾನಾಗಿ ಏನೂ ಮಾಡಲ್ಲ ಸಾರ್, ಸುಮ್ನೆ ಒಂದೇ ಕಡೆ ಕೂತಿರುತ್ತೆ. ತೆಗೆದು ನೋಡಿ, ಉಳಿದದ್ದು ಯಾವುದೂ ತಿರುಗಲ್ಲ" ಎಂದೆ. ಪ್ರೊಫೆಸರರು ಬಹಳ ಹೊತ್ತು ನಕ್ಕರು. ಆಮೇಲೆ ಆ ಹೋಟೆಲಿನ ಪ್ರಬಂಧದಲ್ಲಿ ತಪ್ಪಿದೆ, ಅಂಕ ಕಡಿಮೆ ಮಾಡಿ ಎಂದು ನಾನೇ ಹೋಗಿ ಹೇಳಿದೆ. ಮಾಡಿದರು.

ಯೋಜನೆ ಬರೆಯುತ್ತಿದ್ದೇನೆ, ಶುಕ್ರವಾರದ ರೈಲಿಗೆ ತರುತ್ತೇನೆ. ಪಾಳಿ, ಪಾಲು, ಪೈಪು, ಎಲ್ಲ ಅದರಲ್ಲಿದೆ. ಮೊದಲ ನಿಯಮ: ಕ್ಸಾವರ್ ಮಾಮನ ಕುರ್ಚಿಯನ್ನು ಯಾವ ಲೆಕ್ಕಕ್ಕೂ ಮುಟ್ಟಕೂಡದು. ಎರಡನೆಯದು: ಎಂಗೆಲ್‌ಬರ್ಟ್ ಮಾಮನಿಗೆ ಯಾರೂ ಮರ್ಯಾದೆ ಕೊಡಕೂಡದು. ಮೂರನೆಯದು: ನಲ್ಲಿ ಕಕ್ಕಸಿನ ಪಕ್ಕದಿಂದ ಕೌಂಟರಿಗೆ ವಾಪಸು ಬರಬೇಕು, ತಣ್ಣನೆಯ ಪೈಪಿನ ನಕ್ಷೆ ನಾನೇ ಬರೆದಿದ್ದೇನೆ. ಪ್ರತಿ ರಜೆಯಲ್ಲೂ ಬಂದು ನೋಡುತ್ತೇನೆ. ಕಾಗದ ಮಾತ್ರ ನಿಲ್ಲುವುದಿಲ್ಲ, ನೊರೆ ಬರಲಿ, ಬಿಡಲಿ.

ನಾನು ಯಾವ ವಿರ್ಟ್‌ಶಾಫ್ಟಿನ ಇಂಜಿನಿಯರ್ ಎಂದು ಊರಲ್ಲಿ ಯಾರಾದರೂ ಕೇಳಿದರೆ, ಎರಡರದ್ದೂ ಎಂದು ಹೇಳು.

ಮತ್ತೆ ಅತ್ತೆ, ಶುಕ್ರವಾರ ನಾನು ಬಾಗಿಲಲ್ಲಿ ನಿಂತಾಗ ಎದ್ದು ಬಂದು ತಬ್ಬಿಕೊಳ್ಳುವುದು, ಅಳುವುದು ಏನೂ ಬೇಡ. ಗ್ಲಾಸು ಒರೆಸುತ್ತಲೇ ಇರು. ತಲೆ ಎತ್ತದೆ "ಮತ್ತೆ ಬಂದ್ಯಾ?" ಅನ್ನು.

ನಿನ್ನ
ರೋಸ್ವಿತಾ